ಫೋಟೊ ನೋಡಿ ತಾಮ್ರದ ಕಾಸಿಗೆ ದರ್ಜೆ ಕಟ್ಟುವುದು

ಹಳೆಯ ತಾಮ್ರದ ನಾಣ್ಯದ ಫೋಟೊ ಕಳುಹಿಸಿ ಅದರ ದರ್ಜೆ (ಗ್ರೇಡ್), ಅಂದರೆ ಅದು ಎಷ್ಟು ಚೆನ್ನಾಗಿ ಉಳಿದಿದೆ ಎಂಬುದರ ಮಟ್ಟ, ಯಾವುದೆಂದು ಕೇಳುವವರಿಗೆ ನಾನು ಪೂರ್ತಿ ಉತ್ತರ ಕೊಡುವುದಿಲ್ಲ. ಕೊಡಲು ಬರುವುದೂ ಇಲ್ಲ. ನಾಣ್ಯ ಕೈಯಿಂದ ಕೈಗೆ ಹೋಗಿ ಎಷ್ಟು ಸವೆದಿದೆ ಎಂಬುದನ್ನು ಒಳ್ಳೆಯ ಫೋಟೊ ಇದ್ದರೆ ತಕ್ಕಮಟ್ಟಿಗೆ ನಿಖರವಾಗಿ ಹೇಳಬಹುದು. ಆದರೆ ಅದರ ಮೈ ಹೇಗಿದೆ, ಅಂದರೆ ಟಂಕಸಾಲೆಯಿಂದ ಹೊರಬಂದಾಗಿನ ಹೊಳಪು ಉಳಿದಿದೆಯೇ, ಯಾರಾದರೂ ತಿಕ್ಕಿ ತೊಳೆದಿದ್ದಾರೆಯೇ, ಕಿಲುಬು ಲೋಹದೊಳಕ್ಕೆ ಇಳಿದಿದೆಯೇ ಎಂಬುದನ್ನು ಫೋಟೊ ಬಹುಪಾಲು ಹೇಳುವುದಿಲ್ಲ, ಕೆಲವೊಮ್ಮೆ ಸುಳ್ಳನ್ನೇ ಹೇಳುತ್ತದೆ. ಬೆಳ್ಳಿಯ ರೂಪಾಯಿ ಎಷ್ಟೇ ಕೆಟ್ಟಿದ್ದರೂ ಲೋಹಕ್ಕೆಂದು ಒಂದು ಬೆಲೆ ಸಿಗುತ್ತದೆ. ತಾಮ್ರದ ಕಾಸಿಗೆ ಅಂಥ ಆಸರೆ ಇಲ್ಲ. ಅದರ ಬೆಲೆಯ ಬಹುಪಾಲು ಮೈಯಲ್ಲೇ ಇರುತ್ತದೆ, ಫೋಟೊದ ಕೈಗೆ ಸರಿಯಾಗಿ ಸಿಗದಿರುವುದೂ ಅದೇ.

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಇಂಥ ಕಾಸುಗಳಿಗೆ ಕೊರತೆಯಿಲ್ಲ. ಊರಿನ ಮನೆ ಪಾಲಾದಾಗ ಬಂದ ಹಿತ್ತಾಳೆಯ ಡಬ್ಬಿ, ಅಜ್ಜಿಯ ದೇವರ ಪೆಟ್ಟಿಗೆ, ಹೋಟೆಲಿನ ಹಳೆಯ ಗಲ್ಲಾಪೆಟ್ಟಿಗೆಯ ತಳ, ಇವುಗಳಿಂದ ಹೊರಬಿದ್ದ ಕಾಸುಗಳ ಚಿತ್ರಗಳು ಮಾಟುಂಗದಿಂದಲೋ ಗೋರೆಗಾಂವ್‌ನಿಂದಲೋ ಡೊಂಬಿವಲಿಯಿಂದಲೋ ವಾಟ್ಸಾಪ್ ಮೂಲಕ ನನ್ನವರೆಗೆ ಬರುತ್ತವೆ. ಹೆಚ್ಚಿನವು ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆ, ಇಲ್ಲವೇ ವಿಕ್ಟೋರಿಯಾ ರಾಣಿಯ ಕಾಲಾಣೆ. ನಡುನಡುವೆ ಟೀಪು ಸುಲ್ತಾನನ ಆನೆ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರಗಳ ಕಾಸು, ಪುಣೆಯ ಕಡೆಯ ನೆಂಟರಿಂದ ಬಂದ ಶಿವರಾಯಿ, ಅಂದರೆ ಶಿವಾಜಿಯ ಹೆಸರಿರುವ ಮರಾಠರ ತಾಮ್ರದ ಕಾಸು, ಕಾಣಿಸುತ್ತವೆ. ಇವೆಲ್ಲಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದು ಎಂಬುದನ್ನು ಮುಂದೆ ವಿವರಿಸುತ್ತೇನೆ.

ಅದಕ್ಕೂ ಮೊದಲು ತೆಗೆದು ಪಕ್ಕಕ್ಕಿಡಬೇಕಾದ ಒಂದು ರಾಶಿಯಿದೆ. ಒಂದು ಬದಿಯಲ್ಲಿ ಕಂಪನಿಯ ಹೆಸರು, 1818ರಂಥ ಒಂದು ಇಸವಿ, ಆಣೆಯ ಲೆಕ್ಕ. ಇನ್ನೊಂದು ಬದಿಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇವು ನಾಣ್ಯಗಳಲ್ಲ, ತೀರ್ಥಕ್ಷೇತ್ರಗಳ ಅಂಗಡಿಗಳಲ್ಲಿ ಮಾರಾಟವಾಗುತ್ತ ಬಂದ ಈಚಿನ ಬಿಲ್ಲೆಗಳು. ಮದರಾಸಿನಲ್ಲಿ ಕಂಪನಿ ಹೊಡೆಸಿದ ಚಿನ್ನದ ವರಹಗಳ ಮೇಲೆ ವಿಷ್ಣುವಿನ ಆಕೃತಿ ಇದ್ದುದು ನಿಜ. ಆದರೆ ರಾಮನ ಪರಿವಾರವಿರುವ ತಾಮ್ರದ ಆಣೆಯನ್ನು ಅದು ಎಂದೂ ಹೊರಡಿಸಲಿಲ್ಲ. ಇಂಥವಕ್ಕೆ ಲಕ್ಷ, ಕೋಟಿ ಸಿಗುತ್ತದೆಂಬ ವಿಡಿಯೊಗಳನ್ನು ನಂಬಿ ಮೊದಲೇ 'ನೋಂದಣಿ ಶುಲ್ಕ' ಕಟ್ಟಿ ಕೈಸುಟ್ಟುಕೊಂಡವರಿದ್ದಾರೆ. ತನ್ನ ಹೆಸರನ್ನು ಬಳಸಿಕೊಂಡು ಹಳೆಯ ನಾಣ್ಯಗಳ ವ್ಯವಹಾರದಲ್ಲಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಈ ರಾಶಿಗೆ ದರ್ಜೆಯ ಪ್ರಶ್ನೆಯೇ ಇಲ್ಲ.

ದರ್ಜೆಗಳ ಹೆಸರುಗಳನ್ನು ಬೇಗ ಮುಗಿಸುತ್ತೇನೆ. ಮುಂಬಯಿಯ ಫೋರ್ಟ್ ಪ್ರದೇಶದ ನಾಣ್ಯ ವ್ಯಾಪಾರಿಗಳು ಆಡುವ ಮಾತಿನಲ್ಲಿ ಹೇಳುವುದಾದರೆ ಕೆಳಗಿನಿಂದ ಮೇಲಕ್ಕೆ ಗುಡ್, ವೆರಿ ಗುಡ್, ಫೈನ್, ವೆರಿ ಫೈನ್ ಅಥವಾ ವಿ.ಎಫ್., ಎಕ್ಸ್‌ಟ್ರಾ ಫೈನ್ ಅಥವಾ ಎಕ್ಸ್.ಎಫ್., ಚಲಾವಣೆಯ ಗುರುತು ತೀರ ಕಡಿಮೆಯಿರುವ ಎ.ಯು., ಕೊನೆಗೆ ಚಲಾವಣೆಯನ್ನೇ ಕಾಣದ ಯು.ಎನ್.ಸಿ. 'ಗುಡ್' ಎಂದರೆ ಚೆನ್ನಾಗಿದೆ ಎಂದು ತಿಳಿಯಬಾರದು. ಅದು ಬಹುತೇಕ ಅಳಿಸಿಹೋದ ನಾಣ್ಯ. ಇವುಗಳ ಜತೆಗೆ 1ರಿಂದ 70ರವರೆಗಿನ ಅಂಕಗಳ ಕ್ರಮವೂ ಇದೆ. ಈಗ ಚಿನ್ನ, ಬೆಳ್ಳಿ ಎಲ್ಲಕ್ಕೂ ಬಳಕೆಯಾಗುವ ಈ ಕ್ರಮ ಹುಟ್ಟಿದ್ದು ತಾಮ್ರಕ್ಕಾಗಿ ಎಂಬುದು ನನಗೆ ಪ್ರಿಯವಾದ ಸಂಗತಿ. ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನೋವಿಜ್ಞಾನಿ 1949ರಲ್ಲಿ ತನ್ನ ದೇಶದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳಿಗಾಗಿ ಇದನ್ನು ರೂಪಿಸಿದ. ಗುರುತು ಸಿಗುವುದೇ ಕಷ್ಟವೆಂಬಷ್ಟು ಸವೆದ ನಾಣ್ಯದ ಬೆಲೆ ಒಂದಾದರೆ ಅತ್ಯುತ್ತಮವಾದುದರ ಬೆಲೆ ಅದರ ಎಪ್ಪತ್ತು ಪಟ್ಟು ಎಂಬುದು ಅವನ ಲೆಕ್ಕ. ಆ ಬೆಲೆಯ ಲೆಕ್ಕ ಬೇಗನೆ ಕುಸಿಯಿತು, ಅಂಕಗಳು ಮಾತ್ರ ಉಳಿದವು. ಅದೇ ಶೆಲ್ಡನ್ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಉತ್ತಮ ಸೆಂಟ್‌ಗಳನ್ನು ತೆಗೆದು ಅವುಗಳ ಜಾಗದಲ್ಲಿ ತನ್ನ ಕೆಳದರ್ಜೆಯವನ್ನು ಇಟ್ಟಿದ್ದನೆಂಬುದು ಅವನು ತೀರಿಕೊಂಡ ಮೇಲೆ ಬಯಲಾಯಿತು. ಆ ಪತ್ತೆಗೆ ನೆರವಾದವುಗಳಲ್ಲಿ ನಾಣ್ಯಗಳ ಹಳೆಯ ಫೋಟೊಗಳೂ ಸೇರಿದ್ದವು. ಇಂಥದೇ ನಾಣ್ಯ ಇದು ಎಂದು ಗುರುತು ಹಿಡಿಯುವುದರಲ್ಲಿ ಫೋಟೊ ಎಷ್ಟು ಸಮರ್ಥವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಗುರುತು ಹಿಡಿಯುವುದು ಬೇರೆ, ದರ್ಜೆ ಕಟ್ಟುವುದು ಬೇರೆ.

ಸವಕಳಿಯ ವಿಷಯಕ್ಕೆ ಬರುತ್ತೇನೆ. 1835ರ ಕಾಲಾಣೆಯ ಒಂದು ಬದಿಯಲ್ಲಿ ಕಂಪನಿಯ ಲಾಂಛನವಿದೆ: ನಡುವೆ ಗುರಾಣಿ, ಅದನ್ನು ಎರಡೂ ಕಡೆ ಹಿಡಿದು ನಿಂತ ಸಿಂಹಗಳು, ಕೆಳಗೆ ಸುರುಳಿಪಟ್ಟಿಯ ಮೇಲೆ ಬಹಳ ಸಣ್ಣ ಅಕ್ಷರಗಳಲ್ಲಿ ಲ್ಯಾಟಿನ್ ಧ್ಯೇಯವಾಕ್ಯ, ಅದರಡಿ ಇಸವಿ. ಇನ್ನೊಂದು ಬದಿಯಲ್ಲಿ ಎಲೆಗಳ ಮಾಲೆಯೊಳಗೆ ಮೌಲ್ಯ, ಸುತ್ತ ಕಂಪನಿಯ ಹೆಸರು. ಇಸವಿ ಸ್ಪಷ್ಟವಾಗಿದೆ, ಹೆಸರು ಓದಲು ಬರುತ್ತದೆ, ಆದ್ದರಿಂದ ನಾಣ್ಯ ಚೆನ್ನಾಗಿದೆ ಎಂದು ಹೆಚ್ಚಿನವರು ತೀರ್ಮಾನಿಸಿಬಿಡುತ್ತಾರೆ. ದೊಡ್ಡ ಅಕ್ಷರಗಳು ಎಲ್ಲಕ್ಕಿಂತ ಕೊನೆಗೆ ಸವೆಯುವುದರಿಂದ ಅವನ್ನು ನೋಡಿ ಏನನ್ನೂ ಹೇಳಲಾಗದು. ನಾನು ಮೊದಲು ನೋಡುವುದು ಸಿಂಹಗಳ ಕೇಸರ ಮತ್ತು ತೊಡೆ, ಆಮೇಲೆ ಸುರುಳಿಪಟ್ಟಿಯ ಅಕ್ಷರ, ಕೊನೆಗೆ ಮಾಲೆಯ ಎಲೆಗಳ ನಡುನರ. ಸಿಂಹ ಬರೀ ಆಕಾರವಾಗಿ ಉಳಿದು ಧ್ಯೇಯವಾಕ್ಯದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ಕಂಡರೆ ಅದನ್ನು ಫೈನ್ ಎನ್ನುತ್ತೇನೆ. ವಾಕ್ಯದ ಅರ್ಧಕ್ಕಿಂತ ಹೆಚ್ಚು ಓದಲು ಬಂದು, ಕೇಸರದಲ್ಲಿ ಗೆರೆಗಳು ಉಳಿದಿದ್ದು, ಎಲೆಗಳ ನರ ಕಂಡೂ ಕಾಣದಂತಿದ್ದರೆ ವಿ.ಎಫ್. ವಾಕ್ಯ ಪೂರ್ತಿ ಇದ್ದು, ಉಬ್ಬಿನ ತುದಿಗಳಲ್ಲಷ್ಟೇ ಉಜ್ಜಿದ ಗುರುತಿದ್ದರೆ ಎಕ್ಸ್.ಎಫ್. ವಿಕ್ಟೋರಿಯಾಳ ಕಾಲಾಣೆಯಲ್ಲಾದರೆ ಕಿವಿಯ ಮೇಲಿನ ಕೂದಲು, ಕಿರೀಟದ ಅಂಚು, ಮೇಲುಡುಪಿನ ಕಸೂತಿ ಇವನ್ನು ನೋಡಬೇಕು. ಕೂದಲೆಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ ಮಾರುವವರು ಏನೇ ಬರೆದಿರಲಿ, ಅದು ಎಕ್ಸ್.ಎಫ್. ಆಗಲಾರದು.

ಇಲ್ಲೊಂದು ತೊಡಕಿದೆ. ನಾಣ್ಯದ ಒಂದು ಭಾಗ ಚಪ್ಪಟೆಯಾಗಿ ಕಂಡರೆ ಅದು ಸವೆದದ್ದೋ ಅಥವಾ ಅಚ್ಚು ಒತ್ತುವಾಗಲೇ ಸರಿಯಾಗಿ ಮೂಡದೆ ಹೋದದ್ದೋ ಎಂಬುದನ್ನು ಬಿಡಿಸಿ ನೋಡಬೇಕು, ಏಕೆಂದರೆ ಎರಡನೆಯದು ದರ್ಜೆಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಅಚ್ಚು ಕೊರತೆಯಾದ ಜಾಗದ ಬೆನ್ನಿಗೇ, ನಾಣ್ಯವನ್ನು ತಿರುಗಿಸಿದರೆ ಅದೇ ಸ್ಥಾನದಲ್ಲಿ, ಇನ್ನೊಂದು ಬದಿಯೂ ಸಾಮಾನ್ಯವಾಗಿ ಮಂಕಾಗಿರುತ್ತದೆ. ಅಂಥ ಜಾಗದ ಮೇಲ್ಮೈ ತುಸು ಒರಟಾಗಿದ್ದು ಬಣ್ಣ ಅಕ್ಕಪಕ್ಕದ ಬಯಲಿನಂತೆಯೇ, ಅಂದರೆ ಚಿತ್ರವಾಗಲಿ ಅಕ್ಷರವಾಗಲಿ ಇಲ್ಲದ ಸಪಾಟು ಜಾಗದಂತೆಯೇ, ಇರುತ್ತದೆ. ಸವೆದ ಜಾಗ ಹಾಗಲ್ಲ. ಅದು ನುಣುಪಾಗಿರುತ್ತದೆ, ಎದ್ದುನಿಂತ ಭಾಗಗಳಲ್ಲೆಲ್ಲ ಒಂದೇ ಸಮನೆ ಹರಡಿರುತ್ತದೆ ಮತ್ತು ಅದರ ಬಣ್ಣ ಬೇರೆಯಾಗಿರುತ್ತದೆ. ಕೆಂಪು ಉಳಿದಿರುವ ನಾಣ್ಯದಲ್ಲಿ ಉಜ್ಜಿದ ಜಾಗ ಮೊದಲು ಕಂದು ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಕಂದಾದ ನಾಣ್ಯದಲ್ಲಿ ಹೊಸದಾಗಿ ಉಜ್ಜಿದ ಜಾಗ ಬಿಳಿಚಿಕೊಂಡು ತಿಳಿಯಾಗಿ ಕಾಣುತ್ತದೆ. ಈ ಎಲ್ಲ ಲಕ್ಷಣಗಳನ್ನು ಎರಡೂ ಬದಿಯ ನೇರ ಫೋಟೊಗಳಲ್ಲಿ ಓದಬಹುದು, ಹಾಗಾಗಿ ಒಂದೇ ಬದಿಯ ಫೋಟೊ ಕಳುಹಿಸುವವರಿಗೆ ನಾನು ಉತ್ತರಿಸುವುದಿಲ್ಲ.

ಯಂತ್ರದಲ್ಲಿ ಅಚ್ಚಾದ ನಾಣ್ಯಗಳಿಗೆ ಹೇಳಿದ ಈ ಮಾತನ್ನು ಟೀಪುವಿನ ಆನೆ ಕಾಸಿಗೆ ಹಾಗೆಯೇ ಒಯ್ದು ಹಚ್ಚಬಾರದು. ಸುತ್ತಿಗೆಯ ಪೆಟ್ಟಿನಿಂದ ಮೂಡಿದ ಆ ಕಾಸುಗಳಲ್ಲಿ ಅಚ್ಚು ಬಿಲ್ಲೆಗಿಂತ, ಅಂದರೆ ಅಚ್ಚೊತ್ತುವ ಲೋಹದ ತುಂಡಿಗಿಂತ, ದೊಡ್ಡದು, ಬಿಲ್ಲೆ ದುಂಡಗಿರಲೇಬೇಕೆಂದಿಲ್ಲ, ಪೆಟ್ಟು ನೇರವಾಗಿ ಬಿದ್ದಿರಲೇಬೇಕೆಂದೂ ಇಲ್ಲ. ಆನೆಯ ಸೊಂಡಿಲು ಬಿಲ್ಲೆಯಿಂದ ಆಚೆಗೆ ಹೋಗಿದ್ದರೆ ಅದು ಸವಕಳಿಯಲ್ಲ, ಹುಟ್ಟಿನಿಂದಲೇ ಇಲ್ಲ. ಆದ್ದರಿಂದ ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕಾಗುತ್ತದೆ. ಬಿಲ್ಲೆಯ ಮೇಲೆ ಎಷ್ಟು ಕುಳಿತಿದೆ ಎಂಬುದು ಮೊದಲನೆಯದು: ಆನೆ ಪೂರ್ತಿ ಇದೆಯೇ, ಅದರ ಮೇಲಿನ ಅಂಕೆ ಅಥವಾ ಅಕ್ಷರ ಕಾಣುತ್ತದೆಯೇ, ಹಿಂಬದಿಯಲ್ಲಿ ಟಂಕಸಾಲೆಯ ಹೆಸರು ಓದಲು ಬರುತ್ತದೆಯೇ, ಎರಡು ಗೆರೆಗಳ ನಡುವಿನ ಚುಕ್ಕಿಗಳ ವೃತ್ತ ಎಷ್ಟು ಸುತ್ತಿಗೆ ಉಳಿದಿದೆ. ಕುಳಿತದ್ದು ಎಷ್ಟು ಸವೆದಿದೆ ಎಂಬುದು ಎರಡನೆಯದು: ಆನೆಯ ಕಣ್ಣು, ಕಿವಿಯ ಅಂಚು, ಕಾಲುಗಳ ನಡುವಿನ ಸಂದು. ಶ್ರೀರಂಗಪಟ್ಟಣದ್ದು, ಹೆಸರಿನಲ್ಲಿ 'ಪಟ್ಟಣ' ಎಂದಿರುವುದು, ಬಹಳ ಸಿಗುತ್ತದೆ. ಟಂಕಸಾಲೆಯ ಹೆಸರು ಅಪರೂಪದ್ದಾಗಿದ್ದರೆ ಸವೆದಿದ್ದರೂ ಸಂಗ್ರಾಹಕರು ಕೈಚಾಚುತ್ತಾರೆ, ಆಗ ದರ್ಜೆಗಿಂತ ಓದುವಿಕೆಯೇ ಮುಖ್ಯವಾಗುತ್ತದೆ. ಟೀಪು ಬಳಸಿದ ಮೌಲೂದಿ ಶಕೆಯ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು ಎಂಬುದನ್ನು ಮರೆತರೆ ಇಸವಿಯೇ ತಲೆಕೆಳಗಾಗುತ್ತದೆ. ಪುಣೆಯ ಸಂತೆಗಳಲ್ಲಿ ಈಗಲೂ ಕಾಣುವ ಶಿವರಾಯಿಗೂ ಇದೇ ಕ್ರಮ. 'ಶ್ರೀ ರಾಜಾ ಶಿವ' ಎಂಬುದರಲ್ಲಿ ಒಂದೂವರೆ ಸಾಲು, 'ಛತ್ರಪತಿ'ಯಲ್ಲಿ ಎರಡು ಅಕ್ಷರ ಬಿಲ್ಲೆಯ ಮೇಲೆ ಬಿದ್ದಿದ್ದರೂ ಅದನ್ನು ಒಳ್ಳೆಯ ಕಾಸೆಂದೇ ಕರೆಯಬೇಕು. ಮುಮ್ಮಡಿ ಕೃಷ್ಣರಾಜರ ಇಪ್ಪತ್ತು ಕಾಸಿನ ನಾಣ್ಯದ ಮೇಲೆ ನಮ್ಮ ಲಿಪಿಯಲ್ಲೇ 'ಮಯಿಲಿ ಕಾಸು' ಎಂದಿರುವುದರಿಂದ ಕನ್ನಡಿಗರಿಗೆ ಒಂದು ಅನುಕೂಲವಿದೆ: ಯಾವ ಅಕ್ಷರದ ಯಾವ ಕೊಂಬು ಇರಬೇಕಿತ್ತು, ಯಾವುದು ಅಳಿಸಿದೆ ಎಂಬುದು ನಮಗೆ ನೋಡುತ್ತಲೇ ತಿಳಿಯುತ್ತದೆ. ಬೇರೆ ಊರಿನ ಸಂಗ್ರಾಹಕರು ಇದಕ್ಕಾಗಿ ಪಟ್ಟಿ ಬಿಡಿಸಿ ನೋಡಬೇಕು.

ಇನ್ನು ಮೈಯ ಮಾತು. ಇಲ್ಲಿ ಫೋಟೊ ಕೈಕೊಡುತ್ತದೆ, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು.

ತಾಮ್ರ ಹುಟ್ಟುವಾಗ ಕಿತ್ತಳೆ ಬೆರೆತ ಕೆಂಪು. ಗಾಳಿಗೆ ಸಿಕ್ಕ ಮೇಲೆ ಮೇಲ್ಪದರ ಆಕ್ಸೈಡಾಗಿ ಮೊದಲು ಕೆಂಗಂದು, ಆಮೇಲೆ ಚಾಕೊಲೇಟ್ ಕಂದು, ಕೆಲವೊಮ್ಮೆ ಕಪ್ಪು. ಸಮನಾಗಿ ಕಂದಾದ ಪದರ ದೋಷವಲ್ಲ, ಅದೇ ನಾಣ್ಯದ ರಕ್ಷೆ. ಅಮೆರಿಕದ ದೊಡ್ಡ ಗ್ರೇಡಿಂಗ್ ಕಂಪನಿಗಳು ತಾಮ್ರಕ್ಕೆ ಅಂಕದ ಜತೆಗೆ ಬಣ್ಣವನ್ನೂ ಬರೆಯುತ್ತವೆ: ಮೂಲದ ಕೆಂಪು ಶೇಕಡಾ 95ರಷ್ಟಾದರೂ ಉಳಿದಿದ್ದರೆ ರೆಡ್, ಶೇಕಡಾ 5ಕ್ಕಿಂತ ಕಡಿಮೆಯಿದ್ದರೆ ಬ್ರೌನ್, ನಡುವಿನದೆಲ್ಲ ರೆಡ್ ಬ್ರೌನ್. ಒಂದೇ ಅಂಕದ ಎರಡು ನಾಣ್ಯಗಳ ಬೆಲೆ ಈ ಒಂದು ಪದದಿಂದ ಎಷ್ಟೋ ಪಟ್ಟು ಬೇರೆಯಾಗುತ್ತದೆ. ಇಷ್ಟು ಬೆಲೆಬಾಳುವ ಬಣ್ಣವನ್ನೇ ಮೊಬೈಲು ತನಗೆ ತೋಚಿದಂತೆ ಬದಲಿಸುತ್ತದೆ. ಹಳದಿ ಬಲ್ಬಿನ ಕೆಳಗೆ ಕಂದು ನಾಣ್ಯ ಕೆಂಪಾಗುತ್ತದೆ, ಟ್ಯೂಬ್‌ಲೈಟಿನಲ್ಲಿ ಕೆಂಪು ನಾಣ್ಯ ಬೂದುಬಣ್ಣಕ್ಕೆ ತಿರುಗುತ್ತದೆ, ನೀಲಿ ಬಟ್ಟೆಯ ಮೇಲಿಟ್ಟರೆ ಕ್ಯಾಮೆರಾ ಅದನ್ನು ಸರಿದೂಗಿಸಲು ಹೋಗಿ ಎಲ್ಲವನ್ನೂ ಕಿತ್ತಳೆ ಮಾಡುತ್ತದೆ. ಅದಕ್ಕಾಗಿಯೇ ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ಫೋಟೊ ತೆಗೆಯಿರಿ ಎನ್ನುತ್ತೇನೆ. ಕಾಗದ ಹಳದಿಯಾಗಿ ಕಂಡರೆ ನಾಣ್ಯದ ಕೆಂಪನ್ನು ಅಷ್ಟರಮಟ್ಟಿಗೆ ಕಳೆದು ನೋಡಬಹುದು.

ಬಣ್ಣಕ್ಕಿಂತ ಕಷ್ಟವಾದದ್ದು ತೊಳೆದ ನಾಣ್ಯವನ್ನು ಹಿಡಿಯುವುದು. ನಮ್ಮವರ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ ಹಳೆಯ ಕಾಸುಗಳನ್ನು ತಾಮ್ರದ ಚೆಂಬಿನ ಜತೆಗೇ ಹುಣಸೆಹಣ್ಣು ಹಾಕಿ ತಿಕ್ಕುವುದು ವಾಡಿಕೆ. ಹುಣಸೆಯ ಹುಳಿ ಆಕ್ಸೈಡಿನ ಪದರವನ್ನು ಕರಗಿಸಿಬಿಡುತ್ತದೆ. ಕೆಳಗಿನಿಂದ ಹೊರಬರುವ ತಾಮ್ರ ಹೊಳೆಯುತ್ತದೆ ನಿಜ, ಆದರೆ ಅದು ಟಂಕಸಾಲೆಯ ಹೊಳಪಲ್ಲ. ಅಚ್ಚಿನ ಒತ್ತಡಕ್ಕೆ ಲೋಹ ಹರಿದಾಗ ಮೇಲ್ಮೈಯಲ್ಲಿ ಉಳಿಯುವ ಅತಿ ಸೂಕ್ಷ್ಮ ಗೆರೆಗಳಿಂದ ಆ ಮೂಲ ಹೊಳಪು ಹುಟ್ಟುತ್ತದೆ. ನಾಣ್ಯವನ್ನು ಓರೆ ಮಾಡಿದರೆ ಬೆಳಕಿನ ಪಟ್ಟಿಯೊಂದು ನಡುವಿನಿಂದ ಅಂಚಿಗೆ ಚಕ್ರದ ಕಡ್ಡಿಯಂತೆ ಸುತ್ತುತ್ತದೆ. ತೊಳೆದ ನಾಣ್ಯದ ಹೊಳಪು ಎಲ್ಲಿಯೂ ಸುತ್ತುವುದಿಲ್ಲ, ಇದ್ದಲ್ಲೇ ಮಿನುಗುತ್ತದೆ. ನಿಂತ ಫೋಟೊದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ, ಏಕೆಂದರೆ ವ್ಯತ್ಯಾಸವಿರುವುದು ಚಲನೆಯಲ್ಲಿ. ಕಿಟಕಿಯ ಬಳಿ ನಾಣ್ಯವನ್ನು ನಿಧಾನವಾಗಿ ಓರೆ ಮಾಡುತ್ತ ತೆಗೆದ ಕೆಲವೇ ಸೆಕೆಂಡುಗಳ ವಿಡಿಯೊ ಹತ್ತು ಫೋಟೊಗಳಿಗಿಂತ ಹೆಚ್ಚು ಹೇಳುತ್ತದೆ.

ವಿಡಿಯೊ ಇಲ್ಲದಿದ್ದರೂ ತೊಳೆದದ್ದಕ್ಕೆ ಕೆಲವು ಸುಳಿವುಗಳಿವೆ. ಮೂಲದ ಕೆಂಪಿನಲ್ಲಿ ಕಿತ್ತಳೆಯ ಛಾಯೆಯಿದ್ದರೆ ಹುಳಿ ಹಾಕಿ ತೆಗೆದ ಕೆಂಪಿನಲ್ಲಿ ಗುಲಾಬಿಯ ಛಾಯೆ ಇರುತ್ತದೆ. ಬಯಲೆಲ್ಲ ಥಳಥಳಿಸುತ್ತಿದ್ದು ಅಕ್ಷರಗಳ ಮೂಲೆಗಳಲ್ಲಿ, ಎಲೆಗಳ ಸಂದುಗಳಲ್ಲಿ ಕಪ್ಪು ಕೊಳೆ ಗಟ್ಟಿಯಾಗಿ ಕುಳಿತಿದ್ದರೆ ಬೆರಳಾಗಲಿ ನಾರಾಗಲಿ ಅಲ್ಲಿಯವರೆಗೆ ಹೋಗಿಲ್ಲ ಎಂದೇ ಅರ್ಥ. ಸವೆದು ಫೈನ್ ದರ್ಜೆಗೆ ಇಳಿದ ನಾಣ್ಯ ಕೆಂಪಗೆ ಹೊಳೆಯುತ್ತಿದ್ದರೆ ಬೇರೆ ಸಾಕ್ಷಿಯೇ ಬೇಡ. ಅಷ್ಟು ವರ್ಷ ಜನರ ಬೆವರಿನ ಕೈಗಳಲ್ಲಿ ಓಡಾಡಿದ ತಾಮ್ರ ಕೆಂಪಾಗಿ ಉಳಿಯುವುದಿಲ್ಲ. ಒಂದೇ ದಿಕ್ಕಿನಲ್ಲಿ ಸಾಗುವ ಸೂಕ್ಷ್ಮ ಗೀರುಗಳು ಬಟ್ಟೆಯನ್ನೋ ಹಲ್ಲುಜ್ಜುವ ಬ್ರಶ್ಶನ್ನೋ ಸೂಚಿಸುತ್ತವೆ, ಚೀಲದಲ್ಲಿ ಬಿದ್ದ ಗೀರುಗಳಾದರೆ ದಿಕ್ಕುದೆಸೆಯಿಲ್ಲದೆ ಇರುತ್ತವೆ. ಆದರೆ ಬೆಳಕು ನೇರ ಮೇಲಿನಿಂದ ಬಿದ್ದಿದ್ದರೆ ಈ ಗೀರುಗಳೆಲ್ಲ ಮಾಯ. ಗೀರು ಕಾಣದ ಫೋಟೊವನ್ನು ಗೀರಿಲ್ಲದ ನಾಣ್ಯವೆಂದು ಓದುವುದು ಕೊಳ್ಳುವವರ ಜೇಬಿಗೆ ಅಪಾಯ.

ಮೈ ಕೆಟ್ಟರೂ ವಿವರ ಉಳಿಯಬಹುದು ಎಂಬುದಕ್ಕೆ ಒಂದು ಹಡಗಿನ ಕತೆಯಿದೆ. 'ಅಡ್ಮಿರಲ್ ಗಾರ್ಡ್‌ನರ್' ಎಂಬ ಕಂಪನಿಯ ಹಡಗು ಮದರಾಸಿಗೆಂದು ಇಂಗ್ಲೆಂಡಿನಲ್ಲಿ ಅಚ್ಚಾದ 1808ರ ಹತ್ತು ಕಾಸು, ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳನ್ನು ತುಂಬಿಕೊಂಡು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದ ಗುಡ್ವಿನ್ ಮರಳದಿಬ್ಬಗಳಲ್ಲೇ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ರಾಶಿಗಟ್ಟಲೆ ಮೇಲೆತ್ತಿದ ಆ ಕಾಸುಗಳು ಇಂದಿಗೂ ಮಾರಾಟಕ್ಕೆ ಬರುತ್ತವೆ. ಚಲಾವಣೆಗೇ ಬಾರದವು ಆದ್ದರಿಂದ ಸಿಂಹಗಳು ಚೂಪಾಗಿವೆ, ಅಕ್ಷರಗಳು ಪೂರ್ತಿ ಇವೆ. ಹಲವುದರ ಮೈ ಮಾತ್ರ ಉಪ್ಪುನೀರು ತಿಂದು ಸಣ್ಣ ಕುಳಿಗಳಿಂದ ತುಂಬಿದೆ. ಸಣ್ಣ ಅಳತೆಯ ಫೋಟೊದಲ್ಲಿ ಕುಳಿಗಳು ಮರೆಯಾಗಿ ಚೂಪು ಮಾತ್ರ ಕಾಣುವುದರಿಂದ ಅವು ಯು.ಎನ್.ಸಿ.ಯಂತೆ ತೋರುತ್ತವೆ. ಇಂಥವಕ್ಕೆ ಗ್ರೇಡಿಂಗ್ ಕಂಪನಿಗಳು ಅಂಕ ಕೊಡದೆ, ವಿವರ ಇಂಥ ದರ್ಜೆಯದು, ಮೈಗೆ ಇಂಥ ದೋಷವಿದೆ ಎಂದು ಎರಡನ್ನೂ ಬಿಡಿಸಿ ಬರೆಯುತ್ತವೆ. ಫೋಟೊ ನೋಡಿ ಹೇಳುವವರು ಅನುಸರಿಸಬೇಕಾದ ಕ್ರಮವೂ ಇದೇ ಎಂಬುದು ನನ್ನ ಅಭಿಪ್ರಾಯ.

ಮುಂಬಯಿಯ ಗಾಳಿಯಲ್ಲೂ ಸಮುದ್ರದ ಉಪ್ಪಿದೆ, ಮಳೆಗಾಲದ ನಾಲ್ಕು ತಿಂಗಳು ಕಪಾಟಿನ ಒಳಗೂ ತೇವವಿರುತ್ತದೆ. ಕ್ಲೋರೈಡು ಮತ್ತು ತೇವ ಸೇರಿದಾಗ ತಾಮ್ರದ ಮೇಲೆ ತಿಳಿಹಸಿರಿನ ಪುಡಿಪುಡಿ ಕಿಲುಬು ಏಳುತ್ತದೆ, ಅದು ಒಳಗೊಳಗೇ ಲೋಹವನ್ನು ತಿನ್ನುತ್ತ ಹೋಗುತ್ತದೆ. ಗಟ್ಟಿಯಾಗಿ, ನುಣುಪಾಗಿ ಅಂಟಿಕೊಂಡ ಗಾಢ ಹಸಿರು ಇದಲ್ಲ. ಅದು ನಿಂತುಹೋದ ಪದರ, ಅಪಾಯ ಕಡಿಮೆ. ಫೋಟೊದಲ್ಲಿ ಎರಡೂ ಹಸಿರೇ. ಪುಡಿಯೋ ಗಟ್ಟಿಯೋ ಎಂಬುದನ್ನು ಮುಳ್ಳಿನ ತುದಿಯಿಂದ ಮುಟ್ಟಿ ನೋಡಿದವರೇ ಹೇಳಬೇಕು. ಇನ್ನೊಂದು ಬಗೆಯ ಹಸಿರು ಪಿ.ವಿ.ಸಿ. ಆಲ್ಬಮ್ಮಿನಿಂದ ಬರುತ್ತದೆ, ಆ ಪ್ಲಾಸ್ಟಿಕ್ಕು ಹಳತಾದಂತೆ ಬಿಡುವ ಆಮ್ಲ ನಾಣ್ಯದ ಮೇಲೆ ಅಂಟಂಟಾದ ತೆಳುಪೊರೆಯಾಗಿ ಕೂರುತ್ತದೆ. ಹಸಿರು ಕಂಡ ಫೋಟೊಗಳಿಗೆಲ್ಲ ನಾನು ದರ್ಜೆಯ ಮುಂದೆ 'ಕಿಲುಬನ್ನು ಪರೀಕ್ಷಿಸಬೇಕು' ಎಂದು ಬರೆದುಬಿಡುತ್ತೇನೆ.

ಹಾಗಾದರೆ ಫೋಟೊ ಹೇಗಿರಬೇಕು? ಮಧ್ಯಾಹ್ನದ ಹೊತ್ತು ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ನಾಣ್ಯವನ್ನಿಟ್ಟು, ಮೊಬೈಲನ್ನು ಒಂದು ಗೇಣಿಗಿಂತ ಹತ್ತಿರ ಒಯ್ಯದೆ, ಆಮೇಲೆ ಚಿತ್ರವನ್ನು ಕತ್ತರಿಸಿಕೊಳ್ಳುವುದು ಒಳ್ಳೆಯದು. ತೀರ ಹತ್ತಿರ ಹೋದರೆ ಮೊಬೈಲಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ, ಅಂಚುಗಳು ಬಾಗುತ್ತವೆ. ಪ್ರತಿ ಬದಿಗೆ ಎರಡು ಚಿತ್ರ ಬೇಕು: ಬೆಳಕು ಮೇಲಿನಿಂದ ಬಿದ್ದದ್ದು ಒಂದು, ಪಕ್ಕದಿಂದ ತಗ್ಗಾಗಿ ಬಿದ್ದದ್ದು ಇನ್ನೊಂದು. ಮೊದಲನೆಯದು ಬಣ್ಣವನ್ನು ಹೇಳುತ್ತದೆ, ಎರಡನೆಯದು ಉಬ್ಬನ್ನೂ ಗೀರನ್ನೂ ಹೇಳುತ್ತದೆ. ಪಕ್ಕದ ಬೆಳಕು ಚಿತ್ರದ ಕೆಳಗಿನಿಂದ ಬಂದಂತಿದ್ದರೆ ಉಬ್ಬು ತಗ್ಗಾಗಿ ಕಾಣುವ ಭ್ರಮೆಯಾಗುತ್ತದೆ, ಹಾಗಾಗಿ ಬೆಳಕು ಮೇಲಿನ ಎಡಮೂಲೆಯಿಂದ ಬರಲಿ. ಅಂಚಿನ ಚಿತ್ರವೂ ಬೇಕು. ಎರಕ ಹೊಯ್ದ ನಕಲಿಯಾದರೆ ಅಲ್ಲಿ ಸುತ್ತಲೂ ಬೆಸುಗೆಯಂಥ ಗೆರೆಯೋ ಅದನ್ನು ಅರದಿಂದ ಉಜ್ಜಿದ ಗುರುತೋ ಸಿಗಬಹುದು. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಹಿಂಡಿ ಸಣ್ಣದಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ. ಈಚಿನ ಮೊಬೈಲುಗಳು ತಾವಾಗಿಯೇ ಚಿತ್ರವನ್ನು ಚೂಪುಗೊಳಿಸುವುದರಿಂದ ಅಕ್ಷರದ ಅಂಚಿನಲ್ಲಿ ಬಿಳಿಯ ಎಳೆ ಕಂಡರೆ ಆ ಚೂಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚಿತ್ರದ ಜತೆಗೆ ತೂಕ ಬಂದರೆ ಅರ್ಧ ಅನುಮಾನ ಕಳೆಯುತ್ತದೆ. 1835ರ ಕಾಲಾಣೆಗೆ ಗೊತ್ತುಮಾಡಿದ ತೂಕ 100 ಗ್ರೇನ್, ಅಂದರೆ ಸುಮಾರು 6.48 ಗ್ರಾಂ. ವಿಕ್ಟೋರಿಯಾಳ ಕಾಲಾಣೆಯದೂ ಅಷ್ಟೇ. 1906ರಲ್ಲಿ ತಾಮ್ರದ ಜಾಗಕ್ಕೆ ಕಂಚು ಬಂದಾಗ ಕಾಲಾಣೆ 75 ಗ್ರೇನಿಗೆ, ಸುಮಾರು 4.86 ಗ್ರಾಂಗೆ ಇಳಿಯಿತು. ಸವೆದ ನಾಣ್ಯ ತುಸು ಹಗುರವಾಗುವುದು ಸಹಜ. ಆದರೆ ಫೋಟೊದಲ್ಲಿ ಎಕ್ಸ್.ಎಫ್. ಎಂದು ತೋರುವ ಕಂಪನಿಯ ಕಾಲಾಣೆ ಐದೂಕಾಲು ಗ್ರಾಂ ತೂಗಿದರೆ ದರ್ಜೆಯ ಮಾತನ್ನು ಬಿಟ್ಟು ಅಸಲಿಯೋ ನಕಲಿಯೋ ಎಂದು ಕೇಳಬೇಕಾಗುತ್ತದೆ. ಬಡಾವಣೆಯ ಚಿನ್ನದಂಗಡಿಯವರು ಕೇಳಿದರೆ ತೂಗಿಕೊಡುತ್ತಾರೆ.

ಇಷ್ಟೆಲ್ಲ ಕಷ್ಟಪಡುವ ಬದಲು ಹೊರದೇಶದ ಗ್ರೇಡಿಂಗ್ ಕಂಪನಿಗೇ ನಾಣ್ಯವನ್ನು ಕಳುಹಿಸಬಾರದೇ ಎಂದು ಕೇಳುವವರಿದ್ದಾರೆ. ನೂರು ವರ್ಷ ಮೀರಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಪುರಾವಸ್ತು; ಅದನ್ನು ಖಾಸಗಿಯವರು ದೇಶದಿಂದಾಚೆಗೆ ಕಳುಹಿಸುವಂತಿಲ್ಲ. ಆದ್ದರಿಂದ ನಮ್ಮ ಕಾಸುಗಳ ವಿಷಯದಲ್ಲಿ ಫೋಟೊ ನೋಡಿ ತೀರ್ಮಾನಿಸುವ ಸಂದರ್ಭಗಳು ಹೆಚ್ಚು. ಕಣ್ಣು ಪಳಗಬೇಕಾದರೆ ಫೋರ್ಟಿನಲ್ಲಿರುವ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯಕ್ಕೆ ಹೋಗಿ ಗಾಜಿನ ಹಿಂದಿನ ತಾಮ್ರವನ್ನು ಬೇರೆಬೇರೆ ಕೋನಗಳಿಂದ ನೋಡುವುದು ಒಳ್ಳೆಯ ಅಭ್ಯಾಸ. ಕತ್ತು ಓರೆ ಮಾಡಿದಾಗ ಹೊಳಪು ಹೇಗೆ ಸರಿಯುತ್ತದೆ ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ನನ್ನ ಉತ್ತರಗಳ ಮಾದರಿಯೊಂದನ್ನು ಇಲ್ಲಿ ಕೊಡುತ್ತೇನೆ. ಡೊಂಬಿವಲಿಯ ಹಿರಿಯ ಹೆಂಗಸೊಬ್ಬರು 1835ರ ಕಾಲಾಣೆಯ ನಾಲ್ಕು ಚಿತ್ರ ಕಳುಹಿಸಿ, "ತಮ್ಮಾ, ನಮ್ಮ ಅತ್ತೆಯ ಕಾಲದ್ದು, ಒಳ್ಳೆಯ ಹೊಳಪಿದೆ, ಹೊಸದರಂತೆಯೇ ಇದೆ, ನೋಡಿ ಹೇಳು" ಎಂದು ಬರೆದಿದ್ದರು. ಧ್ಯೇಯವಾಕ್ಯದ ಅರ್ಧಕ್ಕಿಂತ ತುಸು ಹೆಚ್ಚು ಓದಲು ಬರುತ್ತಿತ್ತು, ಎಡಗಡೆಯ ಸಿಂಹದ ಕೇಸರದಲ್ಲಿ ಗೆರೆಗಳಿದ್ದವು, ಬಲಗಡೆಯದು ಚಪ್ಪಟೆ. ಬಲಸಿಂಹದ ಬೆನ್ನಿಗಿರುವ ಮಾಲೆಯ ಎಲೆಗಳೂ ಮಂಕಾಗಿದ್ದುದರಿಂದ ಅಲ್ಲಿ ಅಚ್ಚು ಕೊರತೆಯೆಂದು ತಿಳಿದೆ. ಬಯಲು ಗುಲಾಬಿಗೆಂಪು, ಅಕ್ಷರಗಳ ಬುಡದಲ್ಲಿ ಕಪ್ಪು, ಇಸವಿಯ ಪಕ್ಕದಲ್ಲಿ ಕುಂಕುಮದ ಚೂರು. "ಅಕ್ಕಾ, ವಿವರಗಳ ಮಟ್ಟಿಗೆ ಇದು ವಿ.ಎಫ್., ಅದಕ್ಕಿಂತ ಮೇಲಲ್ಲ; ಬಲಸಿಂಹದ ಚಪ್ಪಟೆಗಾಗಿ ದರ್ಜೆ ತಗ್ಗಿಸಿಲ್ಲ. ಮೈಯನ್ನು ಹುಳಿ ಹಾಕಿ ತೊಳೆದಂತೆ ಕಾಣುತ್ತದೆ. ತೊಳೆದಿದ್ದರೆ ಸಂಗ್ರಾಹಕರು ಫೈನ್‌ನ ಬೆಲೆಯನ್ನಷ್ಟೇ ಕೊಡುತ್ತಾರೆ. ತೂಕ ಮತ್ತು ಕಿಟಕಿಯ ಬಳಿ ಓರೆ ಮಾಡಿ ತೆಗೆದ ವಿಡಿಯೊ ಕಳುಹಿಸಿದರೆ ಇನ್ನೊಮ್ಮೆ ಹೇಳುತ್ತೇನೆ" ಎಂದು ಬರೆದೆ. ತೂಕ 6.3 ಗ್ರಾಂ ಬಂತು, ವಿಡಿಯೊದಲ್ಲಿ ಹೊಳಪು ಸುತ್ತಲಿಲ್ಲ. ಮೊದಲು ಬರೆದದ್ದನ್ನೇ ಖಚಿತಪಡಿಸಿದೆ. ಮಾರುವ ಯೋಚನೆ ಅವರಿಗೆ ಮೊದಲೇ ಇರಲಿಲ್ಲವಂತೆ. ಈ ದೀಪಾವಳಿಗೂ ತೊಳೆದು ಪೂಜೆಗೆ ಇಡಬಹುದೇ ಎಂದು ಕೇಳಿದರು. ತೊಳೆಯದೆ ಇಡಿ, ಕುಂಕುಮ ಹಚ್ಚಲು ಪಕ್ಕದಲ್ಲಿ ಈಗಿನ ಸ್ಟೀಲಿನ ಒಂದು ರೂಪಾಯಿ ಇರಲಿ ಎಂದೆ.